ಬೋರಲು ಮಲಗಿದ್ದವರ ಮುಖ

೨೦೨೧ರ ಮೇ. ಯಲಹಂಕದ ಖಾಸಗಿ ಆಸ್ಪತ್ರೆಯೊಂದರ ಕೋವಿಡ್ ವಾರ್ಡಿಗೆ ನಾನು ನರ್ಸಿಂಗ್ ಇನ್‌ಚಾರ್ಜ್ ಆಗಿದ್ದೆ. ಇಪ್ಪತ್ತಾರು ವರ್ಷದ ಸರ್ವಿಸು, ಬಾಯಿ ಜೋರು. ಕಿರಿಯ ಸಿಸ್ಟರುಗಳಿಗೆ ಡಾಕ್ಟರಿಗಿಂತ ನನ್ನ ಭಯವೇ ಹೆಚ್ಚು.

ಆರನೇ ಬೆಡ್ಡಿನಲ್ಲಿ ಜಕ್ಕೂರಿನ ನಾರಾಯಣಪ್ಪ, ಐವತ್ತೆಂಟು ವರ್ಷ. ಮೂಗಿಗೆ ಹೈ-ಫ್ಲೋ ಆಕ್ಸಿಜನ್. ಬೆಚ್ಚಗೆ ಮಾಡಿ ತೇವ ತುಂಬಿದ ಗಾಳಿಯನ್ನು ನಿಮಿಷಕ್ಕೆ ಅರವತ್ತು ಲೀಟರಿನಂತೆ ತಳ್ಳುವ ಯಂತ್ರ ಅದು. ಜತೆಗೆ ದಿನದ ಬಹುಹೊತ್ತು ಬೋರಲು ಮಲಗಬೇಕು, ಆಗ ಬೆನ್ನ ಕಡೆಯ ಶ್ವಾಸಕೋಶ ಬಿಚ್ಚಿಕೊಳ್ಳುತ್ತದೆ. ಅಂಗಾತ ಮಲಗಿದರೆ ಅವರ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಎಂಬತ್ತನಾಲ್ಕು, ಬೋರಲಾದರೆ ತೊಂಬತ್ತಮೂರು. ಅವರನ್ನು ವೆಂಟಿಲೇಟರಿನಿಂದ ದೂರ ಇಟ್ಟಿದ್ದು ಆ ಒಂಬತ್ತು ಅಂಕವೇ. "ಎದೆ ನೋಯ್ತದೆ ಕಣಮ್ಮಾ" ಎಂದು ಗೊಣಗುತ್ತಲೇ, ನಾನು ಗದರಿದರೆ ಮಗುಚಿಕೊಳ್ಳುತ್ತಿದ್ದರು. ಪಾಪದ ಮನುಷ್ಯ.

ಮನೆಯವರನ್ನು ಒಳಗೆ ಬಿಡದ ದಿನಗಳವು. ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ಕಾಲ್ ಮಾಡಿಸುತ್ತಿದ್ದೆವು. ಐದನೇ ದಿನ ಅವರ ಹೆಂಡತಿ ಜಯಮ್ಮ ಫೋನಿನಲ್ಲೇ ಬಿಕ್ಕಿದರು. "ದಿನಾ ಬರೀ ಬೆನ್ನು ತೋರ್ಸ್ತೀರಾ ಸಿಸ್ಟರ್. ಮಕಾಡೆ ಮಲಗ್ಸವ್ರೆ ಅಂತ ಊರಲ್ಲಿ ಇಲ್ಲದ್ದೆಲ್ಲ ಆಡ್ಕೊತಾವ್ರೆ. ಬದ್ಕವ್ರೆ ಅಂತ ಎಂಗ್ ನಂಬ್ಲಿ? ಒಂದ್ಕಿತ ಮಕ ತೋರ್ಸಿ."

ಪಾಪ ಎನಿಸಿತು. ಡಾಕ್ಟರನ್ನು ಕೇಳಲಿಲ್ಲ. ಒಂದೇ ನಿಮಿಷ ತಾನೆ ಎಂದುಕೊಂಡು ಅವರನ್ನು ಅಂಗಾತ ಮಾಡಿ, ತಲೆಯನ್ನೂ ಬಾಚಿದೆ. ಗಂಡನ ಮುಖ ಕಂಡಿದ್ದೇ ತಡ, ಜಯಮ್ಮ ಮನೆಮಂದಿಯನ್ನೆಲ್ಲ ಕೂಗಿ ಕರೆದರು. ಇವರೂ ಏದುಸಿರಿನಲ್ಲೇ ನಗುನಗುತ್ತಾ ಮಾತಾಡಿದರು. ನಾಲ್ಕು ನಿಮಿಷವಾಯಿತು. ಸಾಕು ಎನ್ನಲು ನನ್ನಂಥ ಬಾಯಿಬಡುಕಿಗೂ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಮಾನಿಟರ್ ಅರಚಿತು: ಎಪ್ಪತ್ತೊಂದು. ತಕ್ಷಣ ಮಗುಚಿದೆವು. ಎಂಬತ್ತು ದಾಟಲೇ ಇಲ್ಲ. ಸಂಜೆಗೆ ವೆಂಟಿಲೇಟರ್ ಹಾಕಬೇಕಾಯಿತು. ಮೂರನೇ ದಿನ ಹೋಗಿಬಿಟ್ಟರು.

"ಮೊದಲೇ ಕೆಟ್ಟಿತ್ತು ಕಣ್ರೀ, ಆ ನಾಲ್ಕು ನಿಮಿಷದಿಂದಲೇ ಅಂತ ಹೇಳಕ್ಕಾಗಲ್ಲ" ಎಂದರು ಡಾಕ್ಟರು. ಅಲ್ಲವೆಂದು ಹೇಳಲೂ ಆಗುವುದಿಲ್ಲವಲ್ಲ! ಅವರು ಹೋದ ಮಾರನೇ ದಿನದಿಂದ ನಾನೇ ನೆಲದ ಮೇಲೆ ಕೂತು, ದಿಂಬಿನ ಪಕ್ಕ ಫೋನು ತೂರಿಸಿ, ಬೋರಲು ಮಲಗಿದವರ ಮುಖವನ್ನು ಹಾಗೇ ತೋರಿಸುತ್ತಿದ್ದೆ. ಇಷ್ಟು ಸುಲಭದ್ದು ಮುಂಚೆ ನನ್ನ ಮಂಡೆಗೆ ಹೊಳೆದಿರಲಿಲ್ಲ. ಕನಿಕರ ಉಕ್ಕಿದಾಗಲೇ ಮಾನಿಟರ್ ನೋಡಬೇಕೆಂದು ಈ ಕೆಲಸ ನನಗೆ ಕಲಿಸಿದ್ದು ಹೀಗೆ.

ವಾರದ ಮೇಲೆ ಗಂಡನ ಬಟ್ಟೆಬರೆ ಒಯ್ಯಲು ಬಂದ ಜಯಮ್ಮ ನನ್ನನ್ನು ಕಂಡು ಕೈಮುಗಿದರು. "ಕೊನೇಗೆ ಮಕ ತೋರ್ಸಿದ್ರಿ ತಾಯಿ. ನಿಮ್ಮ್ ಒಟ್ಟೆ ತಣ್ಣಗಿರ್ಲಿ."

ನಿಜ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ತಲೆ ತಗ್ಗಿಸಿ ಆ ಹರಕೆಯನ್ನು ತೆಗೆದುಕೊಂಡುಬಿಟ್ಟೆ.