ಮೊದಲು ಮಾಸ್ಕ್, ಆಮೇಲೆ ಪ್ರಾಣ

ಜಪಾನಿನಲ್ಲಿ, ಹಿಮ ಗಟ್ಟಿಯಾಗಿದ್ದ ಬೆಟ್ಟದ ದಾರಿಯಲ್ಲಿ ಕಾಲು ಜಾರಿ, ಅಂಚಿನ ಪೊದೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನೇತಾಡುತ್ತಿದ್ದೆ. ಮೇಲಿನಿಂದ ಜಪಾನಿ ಅಜ್ಜರೊಬ್ಬರು ಇಣುಕಿದರು. ಕೈ ಕೊಡುತ್ತಾರೆ ಅಂದುಕೊಂಡರೆ, ತಮ್ಮ ಮೂಗು ಮುಟ್ಟಿ ತೋರಿಸಿ, "ಸುಮಿಮಾಸೆನ್, ಮಾಸ್ಕ್!" ಎಂದು ಕ್ಷಮೆ ಕೇಳಿಯೇ ಹೇಳಿದರು. ಕೊರೊನಾ ಕಾಲ, ನನ್ನ ಮಾಸ್ಕ್ ಗದ್ದಕ್ಕಿಳಿದಿತ್ತು. ಒಂದು ಕೈ ಬಿಟ್ಟು ಅದನ್ನು ಮೇಲೇರಿಸಿದೆ. ಅವರು ಊರುಗೋಲಿಗೆ ನಿಧಾನವಾಗಿ ಸ್ಯಾನಿಟೈಸರ್ ಸಿಂಪಡಿಸಿ, ಒರೆಸಿ, ಆಮೇಲೆ ಚಾಚಿದರು.

"ಬೇಗ ಎಳೀರಿ ಸ್ವಾಮಿ!" ಎಂದು ಕನ್ನಡದಲ್ಲೇ ಕಿರುಚಿದೆ. ಎಳೆದರು.

ನನ್ನ ಬೂಟು ನೋಡಿ, ಹಿಮದಲ್ಲಿ ಜಾರದಂತೆ ತಮ್ಮ ಒಂದು ಬೂಟಿಗೆ ಕಟ್ಟಿದ್ದ ಕಬ್ಬಿಣದ ಮುಳ್ಳುಪಟ್ಟಿ ಬಿಚ್ಚಿಕೊಟ್ಟರು. ಇಬ್ಬರೂ ಒಂದೊಂದೇ ಮುಳ್ಳುಗಾಲಿನಲ್ಲಿ ಕುಂಟುತ್ತಾ, ಎರಡು ಮೀಟರ್ ಅಂತರ ಬಿಟ್ಟುಕೊಂಡೇ ಕೆಳಗಿಳಿದೆವು.

ಮಾಸ್ಕಿನ ಹಿಂದಿದ್ದ ಅವರ ಮುಖ ನಾನು ನೋಡಲೇ ಇಲ್ಲ. ಈಗಲೂ ನಾನಿರುವ ನಿಶಿ ಕಸಾಯಿ ಬಡಾವಣೆಯ ಅಂಗಡಿಗಳಲ್ಲಿ ಮಾಸ್ಕ್ ಹಾಕಿದ ಅಜ್ಜ ಯಾರೇ ಕಂಡರೂ ಸೊಂಟ ಬಗ್ಗಿಸಿ ವಂದಿಸುತ್ತೇನೆ. ಯಾಕೆಂದು ಕೇಳದೆ ಅವರೂ ಬಗ್ಗುತ್ತಾರೆ.