ಮೀಸೆಮಾವನ ಗಿರಾಕಿ

ಮೀಸೆಮಾವ ತನ್ನ ಕಾಲದಲ್ಲಿ ಎಂತೆಂಥ ದೊಡ್ಡವರೂ ತಲೆ ತಗ್ಗಿಸುವಂತೆ ಮಾಡಿದವನು. ಕ್ಷೌರಿಕನ ಮುಂದೆ ತಗ್ಗಿಸದೆ ಇನ್ನೇನು ಮಾಡುತ್ತಾರೆ! ಊರವರ ಕೂದಲಿಗೆಲ್ಲ ಕತ್ತರಿ ಹಾಕಿದವನು ತನ್ನ ಮಾತಿಗೆ ಮಾತ್ರ ಹಾಕಲಿಲ್ಲ. ಮೀಸೆಯನ್ನಂತೂ ಹೆಂಡತಿಯೂ ಮುಟ್ಟುವಂತಿರಲಿಲ್ಲ. ಅಂಗಡಿ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವಳೇ ಕೈಮುಗಿದಳು: "ಎಲ್ಲಾದ್ರೂ ಹೋಗಿ ಬನ್ನಿ ಪುಣ್ಯಾತ್ಮ, ನನ್ನ ತಲೆ ತಿನ್ಬೇಡಿ."

ಹಾಗೆ ಮಾವ ಹೊರದೇಶಕ್ಕೆ ಹೋದ. ಅಲ್ಲಿ ದಿಕ್ಕಿಲ್ಲದ ಮಕ್ಕಳ ಆಶ್ರಮವೊಂದನ್ನು ಅವನ ಅಕ್ಕನ ಮಗಳು ನೋಡಿಕೊಳ್ಳುತ್ತಿದ್ದಳು. ಮಾವನದು ಸಂಬಳವಿಲ್ಲದ ಸೇವೆ, ಮಕ್ಕಳ ಕೂದಲು ಕತ್ತರಿಸುವುದು.

"ಮಾವಾ, ಈ ಮಕ್ಕಳು ಏನೇನೋ ಅನುಭವಿಸಿ ಬಂದಿವೆ. ಯಾರನ್ನೂ ಹಿಂದಿನಿಂದ ಮುಟ್ಬಾರ್ದು. ಏನೇ ಇದ್ರೂ ಎದುರಿಗೆ ನಿಂತು, ತೋರಿಸಿ, ಆಮೇಲೆ."

"ನಂಗೇನು ಕಿವಿ ಇಲ್ವೇನೇ?"

ಕಿವಿಯಿತ್ತು. ಕೈಗೆ ಕಿವಿಯಿರಲಿಲ್ಲ. ಜೀವಮಾನವಿಡೀ ಕುರ್ಚಿಯ ಹಿಂದೆ ನಿಂತ ಕೈ ಅದು. ಬಾಯೇ ಬಿಡದ ಪುಟ್ಟ ಹುಡುಗಿ, ಎಲ್ಲರೂ 'ಗುಬ್ಬಿ' ಎನ್ನುತ್ತಿದ್ದವಳು, ಅಂದು ತಾನಾಗಿಯೇ ಬಂದು ಕುರ್ಚಿ ಏರಿದಳು. ಆ ಖುಷಿಯಲ್ಲಿ ಮಾವ ಬಿಳಿ ಬಟ್ಟೆ ಕೊಡವಿ, ಹಿಂದಿನಿಂದಲೇ ಅವಳ ಕೊರಳಿಗೆ ಸುತ್ತಿ, ಮುಂದಕ್ಕೆ ತಂದು ಗಂಟು ಹಾಕಿಬಿಟ್ಟ.

ಕಿರುಚಿದ್ದರೆ ವಾಸಿಯಿತ್ತು. ಕುರ್ಚಿ ಉರುಳಿತು. ಕತ್ತರಿ ಮಾಯ, ಹುಡುಗಿಯೂ ಮಾಯ.

"ಗೇಟು ಹಾಕಿದ್ಯಾ ಮಾವಾ?" ಅಕ್ಕನ ಮಗಳು ಓಡಿ ಬಂದು ಕೇಳಿದಳು.

ಮಾವನಿಗೆ ಬೆಳಿಗ್ಗೆ ಕ್ಷೌರದ ಪೆಟ್ಟಿಗೆ ಹೊತ್ತು ಒಳಗೆ ಬಂದಾಗ ಚಿಲಕ ಹಾಕಿದ ನೆನಪಿಲ್ಲ. ಗೇಟಿನಾಚೆ ಲಾರಿಗಳು ಒಂದರ ಬೆನ್ನಿಗೊಂದು ಹೋಗುತ್ತಿದ್ದವು. ಅವಳು ರಸ್ತೆಗೆ ಓಡಿದಳು, ಇವನು ಒಳಗೆ. ಮಂಚದಡಿ ಇಲ್ಲ. ಬಚ್ಚಲಲ್ಲಿ ಇಲ್ಲ. ಬಟ್ಟೆ ಒಗೆಯುವ ಕೋಣೆಯ ಕಪಾಟಿನ ಸಂದಿಯಲ್ಲಿ ಬಿಳಿ ಬಟ್ಟೆಯ ತುದಿ ಕಂಡಿತು.

ಹೋದ ಜೀವ ಬಂತು. ಬಾಗಿಲು ಸರಿಸಿದೊಡನೆ ಮತ್ತೆ ಹೋಯಿತು. ಹೊದಿಕೆಗಳ ನಡುವೆ ಮುದುಡಿದ್ದ ಗುಬ್ಬಿ, ಗದ್ದದ ಕೆಳಗಿನ ಗಂಟಿಗೆ ಕತ್ತರಿ ತೂರಿಸಿ ಎಳೆಯುತ್ತಿದ್ದಳು. ಆ ಕತ್ತರಿಗೆ ಸಾಣೆ ಹಿಡಿದವನು ಮಾವನೇ. ಕೈಹಾಕಿ ಕಿತ್ತುಕೊಂಡರೆ ಎಲ್ಲಿಗೆ ನಾಟೀತೋ!

ಮಾವ ದೂರದಲ್ಲೇ ನೆಲಕ್ಕೆ ಕೂತ. ಒಂದು ಟವೆಲು ಎಳೆದುಕೊಂಡು, ಅವಳಿಗೆ ಕಾಣುವ ಹಾಗೆ ತನ್ನ ಕೊರಳಿಗೇ ಸುತ್ತಿ ಗಂಟು ಹಾಕಿದ. ತುದಿ ಹಿಡಿದು ಜಗ್ಗಿದ. ಬಿಚ್ಚಿತು. ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ. ಬೆವರು ಮೀಸೆಗಿಳಿಯುತ್ತಿತ್ತು.

ಗುಬ್ಬಿಯ ಕತ್ತರಿ ನಿಂತಿತು. ಇನ್ನೊಂದು ಕೈ ತುದಿ ಹುಡುಕಿ ಜಗ್ಗಿತು. ಬಟ್ಟೆ ಜಾರಿ ಮಡಿಲಿಗೆ ಬಿತ್ತು.

ಮಾವ ಅಂಗೈ ಚಾಚಿದ. ಅವಳು ಕತ್ತರಿ ಕೊಡಲಿಲ್ಲ. ಕಪಾಟಿನಿಂದಿಳಿದು ಹತ್ತಿರ ಬಂದು, ಅದನ್ನು ನೇರ ಅವನ ಮೀಸೆಗೇ ಹಿಡಿದಳು. ತಾನು ಒಂದಿಷ್ಟು ಹಿಂದೆ ಸರಿದರೂ ಹಕ್ಕಿ ಮತ್ತೆ ಗೂಡು ಸೇರುತ್ತದೆಂದು ಮಾವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿದ.

ಕಚಕ್.

"ಅಯ್ಯೋ ಮಾವಾ, ನಿನ್ನ ಮೀಸೆ!" ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ ಅಕ್ಕನ ಮಗಳು ಕೂಗಿದಳು.

"ಸುಮ್ನಿರೇ," ಮಾವ ತುಟಿ ಅಲ್ಲಾಡಿಸದೆ ಹೇಳಿದ. "ಇನ್ನೊಂದು ಕಡೆ ಬಾಕಿ ಇದೆ."