ಫ್ಲಾಸ್ಕಿನೊಳಗಿನ ಎಳೆ

೧೯೮೨ರ ಬೇಸಿಗೆಯ ಮಾತು. ಆಗತಾನೆ ಕೊಯ್ದ ಕುರಿಯ ತೊಡೆಯ ಮಾಂಸವನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟುಕೊಂಡು ಮಧುಗಿರಿ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಐಸು ಕರಗುವುದರೊಳಗೆ ಬೆಂಗಳೂರಿನ ಪ್ರಯೋಗಾಲಯ ಸೇರದಿದ್ದರೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ.

ಬಂದ ಬಸ್ಸು ತುಂಬಿತ್ತು. ಕಂಡಕ್ಟರು ಬಾಗಿಲಿಗೆ ಕೈ ಅಡ್ಡ ಹಿಡಿದ. "ಇನ್ನೊಬ್ರೂ ಹತ್ತಂಗಿಲ್ಲ."

"ಐಸು ಕರಗುತ್ತೆ ಸಾರ್. ಇದು ಕುರಿ ಮಾಂಸ. ತಿನ್ನೋಕಲ್ಲ, ಇದರಿಂದ ಎಳೆ ತೆಗೀಬೇಕು."

ಮೆಟ್ಟಿಲ ಮೇಲೆ ನಿಂತಿದ್ದ ಕುರಿ ಕಾಯುವ ಅಜ್ಜ ನಕ್ಕ. "ಉಣ್ಣೇಲಿ ಎಳೆ ತೆಗೆಯೋರ್ನ ಕಂಡಿವ್ನಿ. ಬಾಡಲ್ಲಿ ತೆಗೆಯೋನು ನೀನೇ ಮೊದ್ಲು ಕಣ್ಲಾ."

ಸ್ನಾಯುವಿನಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಕಣಗಳು ಒಂದಕ್ಕೊಂದು ಸೇರಿ ಎಳೆಯಾಗುತ್ತವೆ ಎಂದೆ. ಪ್ರನಾಳದಲ್ಲಿ ಉಪ್ಪು ಹಾಕಿದರೆ ಅವು ಮನಬಂದಷ್ಟು ಬೆಳೆಯುತ್ತವೆ. ಸ್ನಾಯುವಿನಲ್ಲಿ ಮಾತ್ರ ಹೆಚ್ಚುಕಡಿಮೆ ಒಂದೇ ಉದ್ದ. ಬೇರೊಂದು ಪ್ರೋಟೀನು ತುದಿಯಲ್ಲಿ ಕೂತು, ಸಾಕು ಅನ್ನುತ್ತದೆ. ನಾನು ಹುಡುಕುತ್ತಿದ್ದುದು ಅದನ್ನೇ.

"ಅಂಗಾದ್ರೆ ಈ ಕಂಡಕ್ಟರಪ್ಪನಂಗೆ ಅನ್ನು," ಎಂದ ಅಜ್ಜ.

ಕಂಡಕ್ಟರಿಗೂ ನಗು ಬಂತು. ಕೈ ತೆಗೆದ.

ಅಜ್ಜ ತನ್ನ ಕಂಬಳಿಯನ್ನು ಫ್ಲಾಸ್ಕಿಗೆ ಸುತ್ತಿಕೊಟ್ಟ. ಬಿಸಿಲಲ್ಲಿ ಬೆಟ್ಟದ ಬೋಳು ಬಂಡೆ ತೇಲುತ್ತಾ ಹಿಂದೆ ಸರಿಯಿತು. ನಿದ್ದೆಗಣ್ಣಿಗೆ ಒತ್ತೊತ್ತಾಗಿ ನಿಂತ ತಲೆಗಳೆಲ್ಲ ಕಣಗಳಾಗಿ, ಬಸ್ಸೇ ಒಂದು ಎಳೆಯಾಗಿ ಉದ್ದವಾಗುತ್ತಾ ಹೋದಂತಿತ್ತು. ಕಂಬಳಿಯೊಳಗೆ ಐಸು ಇನ್ನೂ ಕುಲುಕುತ್ತಿತ್ತು.

ಕೊರಟಗೆರೆಯಲ್ಲೂ ಕಂಡಕ್ಟರು ಕೈ ಅಡ್ಡ ಹಿಡಿದ, ಅಲ್ಲೂ ತೆಗೆದ. ಸ್ನಾಯುವಿನ ಪ್ರೋಟೀನು ಇಷ್ಟು ದಯಾಳುವಾಗಿದ್ದರೆ ಎಳೆಗಳು ಅಳತೆಯಿಲ್ಲದೆ ಬೆಳೆದು, ನಮಗ್ಯಾರಿಗೂ ಕೈ ಎತ್ತಲಾಗುತ್ತಿರಲಿಲ್ಲ. ಬಸ್ಸಿನೊಳಗೆ ಬರೆದಿದ್ದ ಮಿತಿ ಐವತ್ತೈದು. ನಾವಿದ್ದದ್ದು ಎಂಬತ್ತೊಂದು.